ಕಡೇ ದಿನಗಳ ಪಾಠ: ಉತ್ತರ ಬೆಂಗಳೂರಿನ ಸತ್ಯವೇದ ಕೂಟಗಳಲ್ಲಿ ಭಯ ಮತ್ತು ನಿರೀಕ್ಷೆ

ಮನೆಗಳಲ್ಲಿ ನಡೆಯುವ ಸತ್ಯವೇದ ಅಧ್ಯಯನಕ್ಕೆ ಜನ ಸೇರಿಸುವ ಸುಲಭದ ದಾರಿಯೆಂದರೆ ‘ಪ್ರಕಟನೆ’ ಪುಸ್ತಕವನ್ನು ಕೈಗೆತ್ತಿಕೊಳ್ಳುವುದು. ಯಲಹಂಕ ಉಪನಗರ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆ ಇಂಥ ಕೂಟ ನಡೆಸುವವರು ಇದನ್ನು ಅಲ್ಲಗಳೆಯಲಾರರು. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಬಾರದ ಎದುರುಮನೆಯವರು ಏಳು ಮುದ್ರೆ, ಏಳು ತುತೂರಿ, ಹತ್ತು ಕೊಂಬಿನ ಮೃಗ ಎಂದರೆ ಬಂದು ಕೂರುತ್ತಾರೆ. ಹಾಗೆ ಬಂದವರು ಹಿಂದಿರುಗುವಾಗ ಏನನ್ನು ಕೊಂಡೊಯ್ಯುತ್ತಾರೆ, ಭಯವನ್ನೋ ನಿರೀಕ್ಷೆಯನ್ನೋ ಎಂಬುದು ಈ ಲೇಖನದ ಪ್ರಶ್ನೆ. ಹೊಸ ಒಡಂಬಡಿಕೆಯಲ್ಲಿ ಅಂತ್ಯಕಾಲದ ಮಾತುಗಳು ಬಹುಮಟ್ಟಿಗೆ ಎದೆಗುಂದಿದವರನ್ನು ಎತ್ತಿ ನಿಲ್ಲಿಸಲು ಬರೆದವು. ಕೇಳುವವರಲ್ಲಿ ಬಹಳ ಮಂದಿಗೆ ಅವು ತಲುಪಿರುವುದು ಮಾತ್ರ ಎದೆ ನಡುಗಿಸುವ ಮಾತುಗಳಾಗಿ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡಾ 1.87ರಷ್ಟು. ಅಷ್ಟರೊಳಗೇ ‘ಎರಡನೆಯ ಬರೋಣ’ದ ಬಗ್ಗೆ ಒಂದಕ್ಕೊಂದು ಕೂಡದ ಹಲವು ಪಾಠಗಳಿವೆ. ಕಥೋಲಿಕರು ಮತ್ತು ಸಿ.ಎಸ್.ಐ. ಸಭೆಯವರು ಆರಾಧನೆಯಲ್ಲಿ ವಿಶ್ವಾಸಪ್ರಮಾಣ ಹೇಳುವಾಗ ಕ್ರಿಸ್ತನು ತೀರ್ಪುಮಾಡಲು ಬರುವನೆಂದೂ ಸತ್ತವರು ಏಳುವರೆಂದೂ ಅರಿಕೆ ಮಾಡುತ್ತಾರೆ, ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲವನ್ನು ಆಚರಿಸುತ್ತಾರೆ. ನವೆಂಬರ್ 2ರಂದು ಕಥೋಲಿಕ ಕುಟುಂಬಗಳು ಸಮಾಧಿಗಳಿಗೆ ಹೂವು, ಮೇಣದ ಬತ್ತಿ ಒಯ್ಯುತ್ತವೆ. ಸಾವಿರ ವರ್ಷದ ಆಳ್ವಿಕೆ ಎಂಬುದನ್ನು ಈ ಸಭೆಗಳ ದೈವಶಾಸ್ತ್ರ ಸಂತ ಅಗಸ್ಟೀನನ ಜಾಡಿನಲ್ಲಿ ಸಭೆಯ ಈಗಿನ ಕಾಲವೆಂದೇ ಓದುತ್ತ ಬಂದಿದೆ. ಕೇರಳದಿಂದ ಬಂದು ನೆಲೆಸಿದ ಸುರಿಯಾನಿ ಸಂಪ್ರದಾಯದವರು ಪೂರ್ವಕ್ಕೆ ಮುಖಮಾಡಿ ಪ್ರಾರ್ಥಿಸುತ್ತಾರೆ. ಮಿಂಚು ಮೂಡಣದಿಂದ ಹೊಳೆಯುವಂತೆ ಮನುಷ್ಯಕುಮಾರನ ಬರೋಣವಿರುವುದು ಎಂಬ ಮತ್ತಾಯ 24ನೆಯ ಅಧ್ಯಾಯದ ಮಾತು ಆ ರೂಢಿಯ ಹಿಂದಿದೆ. ಈ ಎಲ್ಲ ಸಭೆಗಳಲ್ಲಿ ಅಂತ್ಯಕಾಲದ ಮೇಲೆ ಪ್ರತ್ಯೇಕ ಪಾಠ ಅಪರೂಪ. ಬೋಧಿಸದೆ ಬಿಟ್ಟ ಜಾಗವನ್ನು ಯೂಟ್ಯೂಬು ತುಂಬುತ್ತದೆ.

ಪೆಂತೆಕೊಸ್ತ್ ಸಭೆಗಳಲ್ಲಿ ಮತ್ತು ಸ್ವತಂತ್ರ ಸಭೆಗಳಲ್ಲಿ ಇದಕ್ಕೆ ವಿರುದ್ಧ. ಹೆಬ್ಬಾಳದ ಬಳಿಯ ಬೆತೆಲ್ ಸಭೆ ಸೇರಿರುವ ಅಸೆಂಬ್ಲೀಸ್ ಆಫ್ ಗಾಡ್ ಸಂಸ್ಥೆಯ ಮೂಲನಂಬಿಕೆಗಳಲ್ಲೇ ಸಭೆ ಎತ್ತಲ್ಪಡುವುದೂ (ಅಂದರೆ ವಿಶ್ವಾಸಿಗಳನ್ನು ಕ್ರಿಸ್ತನು ಮೇಲಕ್ಕೆ ಕರೆದುಕೊಳ್ಳುವುದೂ) ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯೂ ಸೇರಿವೆ. ಮನೆಕೂಟಗಳ ಗೋಡೆಯ ಮೇಲೆ ತೂಗುವ ಉದ್ದನೆಯ ಪಟ ಈ ಪಾಠದ್ದೇ: ಮೊದಲು ಎತ್ತಲ್ಪಡುವಿಕೆ, ಆಮೇಲೆ ಏಳು ವರ್ಷದ ಮಹಾಸಂಕಟ, ಅಂತ್ಯಕ್ರಿಸ್ತ, ಹರ್ಮಗೆದೋನ್ ಯುದ್ಧ, ಸಾವಿರ ವರ್ಷ, ಬಿಳೀ ಸಿಂಹಾಸನದ ತೀರ್ಪು. ಈ ಕ್ರಮ ಅಪೊಸ್ತಲರ ಕಾಲದಿಂದ ಬಂದದ್ದೆಂದು ಕೇಳುವವರು ತಿಳಿದಿರುತ್ತಾರೆ. ಇದನ್ನು ಹೀಗೆ ಜೋಡಿಸಿದವನು 19ನೆಯ ಶತಮಾನದ ಬ್ರದರನ್ ಬೋಧಕ ಜಾನ್ ನೆಲ್ಸನ್ ಡಾರ್ಬಿ. 1909ರಲ್ಲಿ ಬಂದ ಸ್ಕೋಫೀಲ್ಡ್ ಟಿಪ್ಪಣಿಗಳ ಬೈಬಲ್ ಅದನ್ನು ಲೋಕಕ್ಕೆ ಹರಡಿತು. ದಾನಿಯೇಲ 9ರ ಎಪ್ಪತ್ತು ವಾರಗಳಲ್ಲಿ ಕೊನೆಯ ಒಂದನ್ನು ಕತ್ತರಿಸಿ ಇನ್ನೂ ಬಾರದ ಕಾಲಕ್ಕೆ ಅಂಟಿಸುವುದು ಆ ಜೋಡಣೆಯ ಕೀಲು. ಹಳೆಯದಲ್ಲ ಎಂದ ಮಾತ್ರಕ್ಕೆ ಸುಳ್ಳೆಂದಲ್ಲ. ಆದರೂ ಪಟ ತೋರಿಸುವವರು ಅದರ ವಯಸ್ಸನ್ನೂ ಹೇಳಬೇಕು.

ಯಲಹಂಕದಾಚೆ ರಾಜಾನುಕುಂಟೆಯ ಕಡೆ ಯೆಹೋವನ ಸಾಕ್ಷಿಗಳ ಭಾರತ ಶಾಖೆಯ ಕಚೇರಿಯಿದೆ. ಮನೆಮನೆಗೆ ಹೋಗಿ ಬೈಬಲ್ ಅಧ್ಯಯನಕ್ಕೆ ಕರೆಯುವುದರಲ್ಲಿ ಇವರ ಸಮಕ್ಕೆ ಯಾರೂ ಇಲ್ಲ. ಕನ್ನಡದ ‘ಕಾವಲಿನಬುರುಜು’ ಪತ್ರಿಕೆಯನ್ನು ಒಮ್ಮೆಯಾದರೂ ಕೈಗೆ ಪಡೆಯದವರು ಈ ಭಾಗದಲ್ಲಿ ಕಡಿಮೆ. ತ್ರಿಯೇಕತ್ವವನ್ನು ಒಪ್ಪದ ಕಾರಣ ಉಳಿದ ಸಭೆಗಳು ಇವರನ್ನು ಹೊರಗಿನವರೆಂದೇ ಎಣಿಸುತ್ತವೆ. ಇವರು ಕೊಡುವ ನಿರೀಕ್ಷೆಯಾದರೋ ಬಹಳ ಮೂರ್ತವಾದದ್ದು: ಇದೇ ಭೂಮಿ ಪರದೈಸಾಗುತ್ತದೆ, ಸತ್ತವರು ಇಲ್ಲಿಗೇ ಹಿಂದಿರುಗುತ್ತಾರೆ, ನರಕವೆಂಬ ನಿತ್ಯಯಾತನೆ ಇಲ್ಲ. ಆಡ್ವೆಂಟಿಸ್ಟರೂ ನಗರಕ್ಕೆ ಹೊಸಬರಲ್ಲ. ಕೆ.ಆರ್. ಪುರದ ಬಳಿ ದೂರವಾಣಿನಗರದಲ್ಲಿ ಅವರ ಲೌರಿ ವಿದ್ಯಾಸಂಸ್ಥೆಯಿದೆ, ಅಂಚೆಯ ಮೂಲಕ ಬೈಬಲ್ ಪಾಠ ಕಳಿಸುವ ಪರಂಪರೆ ಅವರದು. ಈ ಎರಡು ಪಂಗಡಗಳ ಬೆನ್ನಿಗೂ ಒಂದೊಂದು ವರ್ಷ ಅಂಟಿಕೊಂಡಿದೆ. ದಾನಿಯೇಲ 8ರ 2300 ದಿನಗಳನ್ನು ವರ್ಷಗಳೆಂದು ಲೆಕ್ಕಹಾಕಿದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನಿಗಾಗಿ ಕಾದು ಕೂತಿದ್ದರು, ಅವನು ಬರಲಿಲ್ಲ, ಆ ನಿರಾಶೆಯೊಳಗಿಂದ ಆಡ್ವೆಂಟಿಸ್ಟ್ ಸಭೆ ಹುಟ್ಟಿತು. ಸಾಕ್ಷಿಗಳ ಚಳವಳಿಗೆ ಬುನಾದಿ ಹಾಕಿದ ಚಾರ್ಲ್ಸ್ ಟೇಜ್ ರಸಲ್ 1914ರ ಮೇಲೆ ಬೆರಳಿಟ್ಟಿದ್ದ. ಸಾಕ್ಷಿಗಳು ಆ ವರ್ಷವನ್ನು ಈಗ ಕ್ರಿಸ್ತನು ಪರಲೋಕದಲ್ಲಿ ಅದೃಶ್ಯವಾಗಿ ಅರಸನಾದ ವರ್ಷವೆಂದು ಓದುತ್ತಾರೆ. 1925 ಮತ್ತು 1975ರ ಸುತ್ತಲೂ ಅವರಲ್ಲಿ ನಿರೀಕ್ಷೆ ಏರಿ ಇಳಿದಿದೆ.

ಲೆಕ್ಕದ ಹುಚ್ಚು ಇಂಥ ಪಂಗಡಗಳದ್ದಷ್ಟೇ ಎಂದು ಸಿ.ಎಸ್.ಐ. ಬಂಧುಗಳು ನಗುವುದುಂಟು. ಅವರ ಮನೆತನದಲ್ಲೇ ಒಂದು ಕತೆಯಿದೆ. ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687-1752) ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಪರಿಷ್ಕರಿಸಿದ ಮಹಾ ವಿದ್ವಾಂಸ. 1742ರಲ್ಲಿ ಅವನು ಪ್ರಕಟಿಸಿದ ‘ಗ್ನೋಮೊನ್’ ವ್ಯಾಖ್ಯಾನವನ್ನು ಜಾನ್ ವೆಸ್ಲಿಯೂ ತನ್ನ ಟಿಪ್ಪಣಿಗಳಿಗೆ ಆಧಾರ ಮಾಡಿಕೊಂಡ. ಅಂಥ ಬೆಂಗೆಲನೇ ಪ್ರಕಟನೆಯ ಸಂಖ್ಯೆಗಳನ್ನು ಕೂಡಿಸಿ ಕಳೆದು ಮೃಗದ ಆಳ್ವಿಕೆ 1836ರ ಜೂನ್ 18ಕ್ಕೆ ಮುಗಿಯುತ್ತದೆ ಎಂದು ತೀರ್ಮಾನಿಸಿದ. ಅವನ ನಾಡಿನ ಭಕ್ತಮಂಡಲಿಗಳಲ್ಲಿ ಆ ವರ್ಷದ ಕಡೆಗೆ ಮೂರು ತಲೆಮಾರು ಕಣ್ಣಿಟ್ಟಿತ್ತು. ಇಲ್ಲಿನ ಹಲವು ಸಿ.ಎಸ್.ಐ. ಸಭೆಗಳಿಗೆ ಮೂಲವಾದ, 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿಗೆ ಹಣ ಮತ್ತು ಜನ ಹೆಚ್ಚಾಗಿ ಬಂದದ್ದು ಅವೇ ಮಂಡಲಿಗಳಿಂದ. ಆ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದದ್ದು 1834ರ ಅಕ್ಟೋಬರ್‌ನಲ್ಲಿ, ಆ ದಿನಾಂಕಕ್ಕೆ ಎರಡು ವರ್ಷವೂ ಉಳಿದಿರಲಿಲ್ಲ. ಜೂನ್ 18 ಬಂತು, ಹೋಯಿತು. ಅದೇ 1836ರ ಡಿಸೆಂಬರ್‌ನಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರು ಸೇರಿದ. ಏಳು ವರ್ಷದ ಮೇಲೆ ಅವನ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟಿತು, 1847ರಲ್ಲಿ ಬಲ್ಮಠದಲ್ಲಿ ದೈವಶಾಸ್ತ್ರದ ಶಾಲೆ ತೆರೆಯಿತು. ಮೃಗದ ಆಳ್ವಿಕೆ ಮುಗಿಯಬೇಕಿದ್ದ ವರ್ಷದಲ್ಲಿ ಬಂದಿಳಿದವನು ಪತ್ರಿಕೆ ಶುರುಮಾಡಿದ, ದಾಸರ ಪದಗಳನ್ನು ಸಂಗ್ರಹಿಸಿದ. ದಿನಾಂಕ ಸುಳ್ಳಾದ ಮೇಲೂ ಅವರನ್ನು ಹಿಡಿದು ನಿಲ್ಲಿಸಿದ್ದು ಯಾವುದು ಎಂಬ ಪ್ರಶ್ನೆ, ದಿನಾಂಕ ಹೇಗೆ ಸುಳ್ಳಾಯಿತು ಎಂಬುದಕ್ಕಿಂತ ನನಗೆ ದೊಡ್ಡದಾಗಿ ಕಾಣುತ್ತದೆ. ಕನ್ನಡ ಪತ್ರಿಕೋದ್ಯಮದ ಇತಿಹಾಸಗಳಲ್ಲಿ ಈ ಹಿನ್ನೆಲೆ ಬಹುತೇಕ ಕಾಣುವುದಿಲ್ಲ.

ಕ್ರೈಸ್ತರಲ್ಲದ ಓದುಗರಿಗೂ ಇದು ಅಪರಿಚಿತ ಲೋಕವಲ್ಲ. 1962ರ ಫೆಬ್ರುವರಿಯಲ್ಲಿ ಅಷ್ಟಗ್ರಹಕೂಟವಾದಾಗ ಪ್ರಳಯದ ಹೆದರಿಕೆಯಲ್ಲಿ ದೇಶದ ಉದ್ದಗಲಕ್ಕೂ ಹೋಮಗಳು ನಡೆದವು. ಕೊಡೇಕಲ್ಲಿನ ಕಾಲಜ್ಞಾನ, ಪೋತುಲೂರಿ ವೀರಬ್ರಹ್ಮಂ ಅವರ ಕಾಲಜ್ಞಾನ, ಮೈಲಾರದ ಕಾರಣಿಕ ನಮ್ಮ ಜನರಿಗೆ ಗೊತ್ತು. ಯಲಹಂಕದಿಂದ ಬಹಳ ದೂರವೇನಲ್ಲದ ಕೈವಾರದ ತಾತಯ್ಯನವರೂ ಕಾಲಜ್ಞಾನ ಬರೆದವರೇ. ಪರಂಪರೆಯ ಪ್ರಕಾರ ಅವರು ಸಮಾಧಿ ಹೊಂದಿದ್ದು 1836ರಲ್ಲಿ ಎಂಬುದು ಬರೀ ಕಾಕತಾಳೀಯ. ಈ ಭಾಗದಲ್ಲಿ ಕ್ರಿಸ್ತನನ್ನು ಹೊಸದಾಗಿ ನಂಬಿದ ಎಷ್ಟೋ ಕುಟುಂಬಗಳು ಪ್ರಕಟನೆ ಪುಸ್ತಕವನ್ನು ಕಾಲಜ್ಞಾನ ಕೇಳಿದ ಕಿವಿಯಿಂದಲೇ ಕೇಳುತ್ತವೆ: ಮುಂದೆ ಏನಾಗುತ್ತದೆ, ಯಾವ ಊರು ಮುಳುಗುತ್ತದೆ, ಯಾವ ಅರಸು ಬೀಳುತ್ತಾನೆ. ಇಸ್ರೇಲಿನ ಸುತ್ತ ಯುದ್ಧ ಶುರುವಾದ ವಾರ ಕೂಟಗಳಲ್ಲಿ ಪತ್ರಿಕೆಯನ್ನೂ ಬೈಬಲನ್ನೂ ಪಕ್ಕಪಕ್ಕ ಇಟ್ಟುಕೊಳ್ಳುವುದು ಈ ಕಾರಣಕ್ಕೆ.

ಮೃಗದ ಗುರುತಿನ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರಕಟನೆ 13ರಲ್ಲಿ ಬಲಗೈ ಅಥವಾ ಹಣೆಯ ಮೇಲೆ ಗುರುತಿಲ್ಲದವರು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಆ ಸಂಖ್ಯೆ 666. ಇದನ್ನು ಮೊದಲು ಬಾರ್‌ಕೋಡಿನಲ್ಲಿ ಕಂಡರು, ಆಮೇಲೆ ಬೆರಳಚ್ಚು ಕೇಳಿದ ಆಧಾರ್‌ನಲ್ಲಿ, ಕೊನೆಗೆ ಕೋವಿಡ್ ಲಸಿಕೆಯಲ್ಲಿ. ಮಿಜೋರಾಂನಲ್ಲಿ ಈ ಕಾರಣಕ್ಕೇ ಆಧಾರ್ ಬೇಡವೆಂದ ಕ್ರೈಸ್ತರಿದ್ದರು. ಬೆಂಗಳೂರಿನ ಮನೆಕೂಟಗಳಲ್ಲೂ 2021ರಲ್ಲಿ ವಾಟ್ಸ್‌ಆ್ಯಪ್ ತುಂಬ ಇದೇ ಸುದ್ದಿ ಓಡಾಡಿತು. ಲಸಿಕೆ ಹಾಕಿಸಿಕೊಂಡರೆ ರಕ್ಷಣೆ ಹೋಯಿತೇ ಎಂದು ಕೇಳಿದ ಅಜ್ಜಿಯರಿಗೆ ಉತ್ತರ ಹೇಳಬೇಕಾದವರು ಪಾದ್ರಿಗಳು ಮತ್ತು ನರ್ಸುಗಳು. ಉತ್ತರ ಕಷ್ಟದ್ದೇನೂ ಅಲ್ಲ. ಹೀಬ್ರೂ ಅಕ್ಷರಗಳಿಗೆ ಸಂಖ್ಯಾಬೆಲೆಯಿದೆ. ‘ನೇರೋನ್ ಕೈಸರ್’ ಎಂದು ಬರೆದು ಕೂಡಿಸಿದರೆ 666 ಬರುತ್ತದೆ, ಲ್ಯಾಟಿನ್ ರೀತಿಯಲ್ಲಿ ‘ನೇರೋ’ ಎಂದರೆ 616. ಪ್ರಕಟನೆಯ ಕೆಲವು ಪ್ರಾಚೀನ ಪ್ರತಿಗಳಲ್ಲಿ 616 ಎಂದೇ ಇದೆ, ಎರಡನೆಯ ಶತಮಾನದ ಇರೇನಿಯಸನಿಗೂ ಆ ಪಾಠಭೇದ ಗೊತ್ತಿತ್ತು. ಅಂದರೆ ಮೊದಲ ಓದುಗರಿಗೆ ಅದು ಮುಂದೆ ಬರಲಿರುವ ಯಂತ್ರದ ಗುಟ್ಟಲ್ಲ. ತಮ್ಮವರನ್ನು ಕೊಂದ ಚಕ್ರವರ್ತಿಯ ಹೆಸರನ್ನು ಪೊಲೀಸರಿಗೆ ತಿಳಿಯದಂತೆ ಹೇಳಿದ ಬಗೆ. ಇಷ್ಟು ಹೇಳಿದರೆ ಭಯ ಇಳಿಯುತ್ತದೆ, ಪ್ರಶ್ನೆ ಮಾತ್ರ ಮೊನಚಾಗುತ್ತದೆ. ಕೈಸರನ ಮೊಹರಿಲ್ಲದೆ ಮಾರುಕಟ್ಟೆಗೆ ಪ್ರವೇಶವಿಲ್ಲ ಎಂಬ ಸ್ಥಿತಿಯಲ್ಲಿ ಹೊಟ್ಟೆಪಾಡು ದೊಡ್ಡದೋ ಸತ್ಯ ದೊಡ್ಡದೋ? ಯಶವಂತಪುರದ ಮಂಡಿಯಲ್ಲಿ ಲೆಕ್ಕ ಬರೆಯುವ ವಿಶ್ವಾಸಿಗೆ ಆ ಪ್ರಶ್ನೆ ಲಸಿಕೆಯ ವದಂತಿಗಿಂತ ಹತ್ತಿರದ್ದು.

ಪ್ರಕಟನೆಯ ವಿಷಯದಲ್ಲಿ ಸಭೆಯ ಹಿರಿಯರೇ ಹಿಂದುಮುಂದು ನೋಡಿದ್ದಾರೆ. ಲೂಥರ್ 1522ರ ಮುನ್ನುಡಿಯಲ್ಲಿ ಅದರ ಬಗ್ಗೆ ತನ್ನ ಸಂಶಯವನ್ನು ಮುಚ್ಚಿಡಲಿಲ್ಲ. ಕ್ಯಾಲ್ವಿನ್ ಅದಕ್ಕೆ ವ್ಯಾಖ್ಯಾನ ಬರೆಯಲೇ ಇಲ್ಲ. ಗ್ರೀಕ್ ಆರ್ಥೊಡಾಕ್ಸ್ ಆರಾಧನೆಯಲ್ಲಿ ಅದರ ಪಾಠ ಓದುವ ಪದ್ಧತಿಯಿಲ್ಲ. ಹೀಗಿರುವಾಗ ನಮ್ಮ ಕೂಟಗಳು ಎರಡು ಮತ್ತು ಮೂರನೆಯ ಅಧ್ಯಾಯಗಳನ್ನು ಒಂದೇ ಸಂಜೆ ಮುಗಿಸಿ ಮೃಗಗಳತ್ತ ಓಡುವುದು ನನಗೆ ಸರಿಕಾಣದು. ಆ ಅಧ್ಯಾಯಗಳಲ್ಲಿ ಪತ್ರ ಪಡೆಯುವ ಏಳು ಸಭೆಗಳೇ ಪುಸ್ತಕದ ವಿಳಾಸದಾರರು. ಸ್ಮುರ್ನದವರು ಬಡವರು, ಅಪವಾದ ಹೊತ್ತವರು. ಲವೊದಿಕೀಯದವರು ಹಣವಂತರು, ಬಿಸಿಯೂ ಅಲ್ಲದ ತಣ್ಣಗೂ ಅಲ್ಲದವರು. 2022ರಲ್ಲಿ ರಾಜ್ಯದ ಮತಾಂತರ ನಿಷೇಧ ಕಾಯಿದೆ ಬಂದಾಗ (ರದ್ದುಪಡಿಸುವುದಾಗಿ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು) ಮನೆಯೊಳಗಿನ ಪ್ರಾರ್ಥನೆಗೂ ಕಿಟಕಿ ಮುಚ್ಚಿದ ಕುಟುಂಬಗಳಿದ್ದವು. ಅವರಿಗೆ ಸ್ಮುರ್ನದ ಪತ್ರ ಮೂರು ಸಾಲಿನಲ್ಲಿ ಅರ್ಥವಾಗುತ್ತದೆ. ಹೊಸ ಗಗನಚುಂಬಿ ವಸತಿಗಳಲ್ಲಿ ಇರುವವರಿಗೆ ಲವೊದಿಕೀಯದ್ದು ಅರ್ಥವಾಗಬೇಕು.

ಅಂತ್ಯಕಾಲದ ಪಾಠ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಸಾವಿನ ಮನೆಯಲ್ಲಿ. ಹೊಸ ಒಡಂಬಡಿಕೆಯ ಅತಿ ಹಳೆಯ ಬರಹಗಳಲ್ಲೊಂದು, ಕ್ರಿ.ಶ. 50ರ ಸುಮಾರಿನದು, ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆ. ಆ ಸಭೆಯವರು ಕ್ರಿಸ್ತನು ಇಂದೋ ನಾಳೆಯೋ ಬರುತ್ತಾನೆಂದು ಕಾಯುತ್ತಿದ್ದಾಗ ಅವರಲ್ಲೇ ಕೆಲವರು ತೀರಿಕೊಂಡರು. ಹೋದವರು ಅವನನ್ನು ನೋಡುವುದೇ ಇಲ್ಲವೇ ಎಂಬುದು ಉಳಿದವರ ಸಂಕಟ. ನಾಲ್ಕನೆಯ ಅಧ್ಯಾಯದ ಕೊನೆಯ ಆರು ವಚನಗಳು ಅದಕ್ಕೆ ಉತ್ತರ. ತುತೂರಿ, ಮೇಘ, ಎದುರುಗೊಳ್ಳುವುದು ಎಲ್ಲವೂ ಅಲ್ಲಿವೆ. ಎತ್ತಲ್ಪಡುವಿಕೆಯ ಪಾಠಕ್ಕೆ ಮೂಲವೂ ಅವೇ ವಚನಗಳು. ಪೌಲನು ಅವನ್ನು ಹೇಳುವುದಾದರೂ ಅಳಬೇಡಿರೆಂದು ಅಲ್ಲ, ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರೆಂದು. ಸತ್ತವರು ಹಿಂದುಳಿಯುವುದಿಲ್ಲ, ಅವರೇ ಮೊದಲು ಏಳುತ್ತಾರೆ, ಆಮೇಲೆ ಎಲ್ಲರೂ ಸದಾಕಾಲ ಕರ್ತನ ಜೊತೆ. ಯಾವಾಗ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಯಾರ ಜೊತೆ ಎಂಬುದಕ್ಕಿದೆ. ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂದು ಮುಗಿಸುತ್ತಾನೆ. ಇದೇ ವಚನಗಳನ್ನು ಹಿಡಿದು, ನೀನು ಹಿಂದೆ ಉಳಿದುಬಿಟ್ಟರೆ ಏನು ಗತಿ ಎಂದು ಮಕ್ಕಳನ್ನು ಹೆದರಿಸುವ ಬೇಸಿಗೆ ಶಿಬಿರಗಳಿವೆ. ಶಾಲೆಯಿಂದ ಬಂದಾಗ ಮನೆಯಲ್ಲಿ ಅಮ್ಮ ಕಾಣಿಸದಿದ್ದರೆ ಎತ್ತಲ್ಪಡುವಿಕೆ ಆಗಿಹೋಯಿತೇನೋ ಎಂದು ಅತ್ತ ನೆನಪು ಪೆಂತೆಕೊಸ್ತ್ ಮನೆಗಳಲ್ಲಿ ಬೆಳೆದ ಎಷ್ಟೋ ಜನಕ್ಕಿದೆ, ಈಗ ಅದನ್ನು ನಗುತ್ತ ಹೇಳುತ್ತಾರೆ. ಕರುಣೆಯ ವಚನವೊಂದನ್ನು ಬೆತ್ತ ಮಾಡಿಕೊಂಡದ್ದು ಈ ಪಾಠಕ್ರಮದ ದೊಡ್ಡ ದೋಷ ಎಂಬುದು ನನ್ನ ಅಭಿಪ್ರಾಯ.

ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಇನ್ನೊಂದು ತುದಿಯಿದೆ. ಕೆಲವರು ಕೆಲಸ ಬಿಟ್ಟು ಅಲೆಯುತ್ತಿದ್ದರು. ದುಡಿಯಲೊಲ್ಲದವನು ಉಣ್ಣಬಾರದು ಎಂದು ಅವರಿಗೆ ಕಟ್ಟುನಿಟ್ಟಿನ ಆಜ್ಞೆ. ಬರೋಣ ಹತ್ತಿರವಿದೆಯೆಂದು ಓದು ನಿಲ್ಲಿಸಿದ, ಮದುವೆ ಮುಂದೂಡಿದ ಯುವಕರು ಇಂದಿಗೂ ಸಿಗುತ್ತಾರೆ. ಅವರಿಗೆ ಯೆರೆಮೀಯ 32 ಓದಿಸಬೇಕು. ಬಾಬಿಲೋನ್ ಸೈನ್ಯ ಯೆರೂಸಲೇಮನ್ನು ಸುತ್ತುವರಿದಿದೆ, ಪ್ರವಾದಿ ಸೆರೆಯಲ್ಲಿದ್ದಾನೆ, ಪಟ್ಟಣ ಬೀಳುತ್ತದೆಂದು ಹೇಳಿದವನೇ ಅವನು. ಆಗ ಅವನು ಅನಾತೋತಿನ ಹೊಲವನ್ನು ಹದಿನೇಳು ಶೆಕೆಲ್ ಬೆಳ್ಳಿಗೆ ಕೊಳ್ಳುತ್ತಾನೆ. ಸಾಕ್ಷಿಗಳ ಸಹಿ, ಮೊಹರು ಹಾಕಿದ ಪತ್ರ, ತೆರೆದಿಟ್ಟ ನಕಲು, ಎರಡನ್ನೂ ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ವಿಮಾನ ನಿಲ್ದಾಣ 2008ರಲ್ಲಿ ದೇವನಹಳ್ಳಿಗೆ ಬಂದ ಮೇಲೆ ಸೈಟು, ಖಾತೆ, ಕ್ರಯಪತ್ರದ ಮಾತಿಲ್ಲದೆ ದಿನ ಕಳೆಯದ ಉತ್ತರ ಬೆಂಗಳೂರಿಗೆ ಇದಕ್ಕಿಂತ ಹೊಂದುವ ನಿರೀಕ್ಷೆಯ ಪಾಠ ಬೈಬಲಿನಲ್ಲಿ ಇನ್ನೊಂದಿರಲಾರದು. ಇಲ್ಲಿ ಜಾಗ ಕೊಳ್ಳುವವರು ಬೆಲೆ ಏರುತ್ತದೆಂದು ಕೊಳ್ಳುತ್ತಾರೆ. ಯೆರೆಮೀಯ ಕೊಂಡದ್ದು ಬೆಲೆಯೇ ಇಲ್ಲದ ನೆಲ.

ಪ್ರಕಟನೆಯ ಕೊನೆಯ ಎರಡು ಅಧ್ಯಾಯಗಳಲ್ಲಿ ಜನ ಮೇಲಕ್ಕೆ ಹಾರುವುದಿಲ್ಲ, ಪಟ್ಟಣವೇ ಕೆಳಗಿಳಿದು ಬರುತ್ತದೆ. ಅದಕ್ಕೆ ಹನ್ನೆರಡು ಬಾಗಿಲು, ಹಗಲಲ್ಲಿ ಅವನ್ನು ಮುಚ್ಚುವುದೇ ಇಲ್ಲ, ರಾತ್ರಿಯೆಂಬುದು ಅಲ್ಲಿ ಇಲ್ಲ. ಕಾವಲುಗಾರ ಫೋನು ಮಾಡಿ ಕೇಳದೆ ಯಾರನ್ನೂ ಒಳಬಿಡದ ವಸತಿ ಸಮುಚ್ಚಯದ ಸಭಾಂಗಣದಲ್ಲಿ ಇದನ್ನು ಓದುವಾಗ ಒಂದು ಕ್ಷಣವಾದರೂ ಮುಜುಗರವಾಗಬೇಕು. ಹೊಳೆಯ ದಡದ ಮರದ ಎಲೆಗಳು ಜನಾಂಗಗಳನ್ನು ವಾಸಿಮಾಡುವುದಕ್ಕೆ ಎಂದೂ ಅಲ್ಲಿದೆ. ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ 1973ರಿಂದ ಇರುವ ಬ್ಯಾಪ್ಟಿಸ್ಟ್ ಆಸ್ಪತ್ರೆಯಂಥ ಸಂಸ್ಥೆಗಳನ್ನು ಕಟ್ಟಿದವರಲ್ಲಿ ಸಾವಿರ ವರ್ಷದ ಆಳ್ವಿಕೆಯನ್ನು ಅಕ್ಷರಶಃ ನಂಬಿದವರೂ ಇದ್ದರು, ನಂಬದವರೂ ಇದ್ದರು. ಗುಣವಾಗದ ರೋಗಿಗಳಿಗೆ ಮನೆಗೇ ಹೋಗಿ ನೋವು ಇಳಿಸುವ ಆರೈಕೆಯೂ ಆ ಆಸ್ಪತ್ರೆಯ ಕೆಲಸದಲ್ಲಿದೆ. ಪಟದ ಮೇಲಿನ ಜಗಳ ಹಾಸಿಗೆಯ ಪಕ್ಕ ನಡೆಯುವುದಿಲ್ಲ.

ಈ ವಿಷಯದಲ್ಲಿ ಬೆಂಗಳೂರಿಗೆ ಅದರದೇ ಒಂದು ದಾಖಲೆಯಿದೆ, ಇಲ್ಲಿನವರೇ ಮರೆತಿದ್ದಾರೆ. 1978ರ ಆಗಸ್ಟ್‌ನಲ್ಲಿ ಜಾಗತಿಕ ಸಭೆಗಳ ಪರಿಷತ್ತಿನ ‘ನಂಬಿಕೆ ಮತ್ತು ಕ್ರಮ’ ಆಯೋಗ ಈ ನಗರದಲ್ಲಿ ಸೇರಿ ನಿರೀಕ್ಷೆಯ ಬಗ್ಗೆ ಎಲ್ಲರೂ ಒಪ್ಪುವ ಹೇಳಿಕೆಯೊಂದನ್ನು ಸಿದ್ಧಪಡಿಸಿತು. ಆಯೋಗದಲ್ಲಿ ಕಥೋಲಿಕ ಸದಸ್ಯರೂ ಇದ್ದರು. ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರ ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ ಎಂಬ 1 ಪೇತ್ರ 3:15 ಅದರ ಬೇರು. ಅದಕ್ಕೂ ಮೊದಲು ಹಲವು ವರ್ಷ ಲೋಕದ ನಾನಾ ಕಡೆಯ ಗುಂಪುಗಳಿಂದ ಅವರವರ ನಿರೀಕ್ಷೆಯ ಬರಹಗಳನ್ನು ತರಿಸಿಕೊಂಡಿದ್ದರು. ಓದಿ ನೋಡಿದಾಗ ಕಂಡದ್ದು, ಒಬ್ಬರ ನಿರೀಕ್ಷೆ ಇನ್ನೊಬ್ಬರಿಗೆ ಭಯವಾಗಿರುವುದೂ ಉಂಟು ಎಂದು. ಹೇಳಿಕೆ ಅದನ್ನು ಮರೆಮಾಚಲಿಲ್ಲ. ನಿರೀಕ್ಷೆಯಿಂದ ಬದುಕುವುದೆಂದರೆ ಅಪಾಯಕ್ಕೆ ಒಡ್ಡಿಕೊಳ್ಳುವುದು ಎಂಬಲ್ಲಿಗೆ ಹೋಗಿ ನಿಂತಿತು. ಬೆನ್ಸನ್ ಟೌನಿನಲ್ಲಿ 1910ರಿಂದ ಇರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಪಿ.ಡಿ. ದೇವನಂದನ್ ಮತ್ತು ಎಂ.ಎಂ. ಥಾಮಸ್ 1957ರಲ್ಲಿ ಕಟ್ಟಿದ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆ, ಕೊತ್ತನೂರಿನ ಸಾಯಾಕ್ಸ್ ದೈವಶಾಸ್ತ್ರ ಸಂಸ್ಥೆ, ಮಲ್ಲೇಶ್ವರದ ಸಂತ ಪೇತ್ರರ ಗುರುಮಠ ಎಲ್ಲವೂ ಆರ್.ಟಿ. ನಗರದಿಂದ ಆಟೋದಲ್ಲಿ ಹೋಗಿ ಬರುವಷ್ಟು ದೂರ. ಅಲ್ಲಿನ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಮನೆಕೂಟದ ಪಾಠ ಕನ್ನಡ, ತಮಿಳು, ತೆಲುಗಿನಲ್ಲಿ. ನಡುವಿನ ಸೇತುವೆ ಕಟ್ಟುವ ಕೆಲಸವನ್ನು ವಿದ್ವಾಂಸರು ಮಾಡಲಿಲ್ಲ. ಅಮೆರಿಕದ ಜನಪ್ರಿಯ ಪುಸ್ತಕಗಳ ಅನುವಾದ ಮಾಡಿತು.

ಕೂಟಗಳಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಕೊನೆಗೆ, ಚಹಾ ಕೊಡುವ ಹೊತ್ತಿಗೆ ಬರುತ್ತದೆ. ಮೊದಲ ತಲೆಮಾರಿನ ವಿಶ್ವಾಸಿಗಳು ಕೇಳುತ್ತಾರೆ: ಕ್ರಿಸ್ತನ ಹೆಸರನ್ನೇ ಕೇಳದೆ ಹೋದ ನಮ್ಮ ಅಪ್ಪ, ಅಜ್ಜಿ ಎಲ್ಲಿದ್ದಾರೆ? ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು, ಕಾದಾಡಿ ಮಡಿದವನು ಇಂದ್ರಲೋಕ ಸೇರಿದನೆಂಬ ನಂಬಿಕೆಯನ್ನು ಆ ಕಲ್ಲು ಹೇಳುತ್ತದೆ. ಸತ್ತವರನ್ನು ಒಳ್ಳೆಯ ಕಡೆ ಕಳಿಸಿಕೊಡುವ ಆಸೆ ಈ ನೆಲಕ್ಕೆ ಅಷ್ಟು ಹಳೆಯದು. ಕಟ್ಟುನಿಟ್ಟಿನ ಬೋಧಕರು ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರಿಸಿ ಮುಗಿಸುತ್ತಾರೆ, ಕೇಳಿದಾಕೆ ಮುಂದಿನ ವಾರ ಬರುವುದಿಲ್ಲ. ಕಥೋಲಿಕರು ಎರಡನೆಯ ವ್ಯಾಟಿಕನ್ ಮಹಾಸಭೆಯ 1964ರ ನಿರ್ಣಯವನ್ನು ತೋರಿಸುತ್ತಾರೆ: ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದೆ, ಮನಸ್ಸಾಕ್ಷಿಯಂತೆ ದೇವರನ್ನು ಹುಡುಕಿದವರಿಗೂ ರಕ್ಷಣೆ ಸಾಧ್ಯ. ಸಾಕ್ಷಿಗಳು, ಅವರು ನಿದ್ರಿಸುತ್ತಿದ್ದಾರೆ, ಎದ್ದಾಗ ಕಲಿಯಲು ಅವಕಾಶವಿದೆ ಎನ್ನುತ್ತಾರೆ. ಹಲವು ಪಾದ್ರಿಗಳು ಆದಿಕಾಂಡ 18ನ್ನು ತೆರೆಯುತ್ತಾರೆ. ಅಲ್ಲಿ ಸೊದೋಮಿಗಾಗಿ ಅಬ್ರಹಾಮನು ದೇವರ ಜೊತೆ ಚೌಕಾಸಿಗೆ ನಿಂತು, ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನ್ಯಾಯ ಮಾಡದೆ ಇರುವನೇ ಎಂದು ಕೇಳುತ್ತಾನೆ. ಐವತ್ತರಿಂದ ಹತ್ತರವರೆಗೆ ಇಳಿಸುತ್ತಾನೆ. ಹತ್ತರ ಕೆಳಗೆ ಅವನು ಯಾಕೆ ಕೇಳಲಿಲ್ಲ ಎಂಬುದರ ಮೇಲೆ ಚರ್ಚೆ ರಾತ್ರಿ ಹತ್ತರವರೆಗೂ ನಡೆದ ಕೂಟಗಳಿವೆ. ಅಂಥ ರಾತ್ರಿಗಳಲ್ಲಿ ಪಟವನ್ನು ಯಾರೂ ಬಿಚ್ಚುವುದಿಲ್ಲ.